ಮನೆಯ ಹಿರಿಯರೊಬ್ಬರು ಇಲ್ಲವಾದಾಗ ಶಾಲೆ ಏನು ಮಾಡಬಲ್ಲದು? ಹದಿಮೂರನೇ ದಿನದ ನಂತರವೇ ನಿಜವಾದ ಕೆಲಸ

ಸಾವಿನ ಸುದ್ದಿ ಹಳ್ಳಿಯ ಶಾಲೆಗೆ ತಲುಪುವುದು ಬಹುಮಟ್ಟಿಗೆ ಹಾಜರಿ ಕರೆಯುವ ಹೊತ್ತಿನಲ್ಲಿ. ಉತ್ತರ ಬಾರದ ಹೆಸರಿಗೆ ಪಕ್ಕದ ಮನೆಯ ಮಗು ಎದ್ದು ನಿಂತು ವಿಷಯ ತಿಳಿಸುತ್ತದೆ. ಅಂದೇ ಮುಖ್ಯ ಶಿಕ್ಷಕರು, ಒಂದಿಬ್ಬರು ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಹಾರ ಹಿಡಿದು ಹೋಗಿ ಅಂತಿಮ ದರ್ಶನ ಪಡೆದು ಬರುತ್ತಾರೆ. ಮರುದಿನ ಪ್ರಾರ್ಥನೆಯ ವೇಳೆ ಎರಡು ನಿಮಿಷ ಮೌನ ಆಚರಿಸಲಾಗುತ್ತದೆ. ಶಿಕ್ಷಕರು ಕೈಲಾದಷ್ಟು ಹಣ ಕೂಡಿಸಿ ಮನೆಗೆ ತಲುಪಿಸುತ್ತಾರೆ. ಇಷ್ಟರ ಮಟ್ಟಿಗೆ ಕರ್ನಾಟಕದ ಶಾಲೆಗಳು ಎಂದೂ ಹಿಂದೆ ಬಿದ್ದಿಲ್ಲ. ಹದಿಮೂರನೇ ದಿನದ ಊಟ ಮುಗಿದು ನೆಂಟರು ಊರಿಗೆ ಮರಳಿದ ಮೇಲೆ ಶಾಲೆಯೂ ಅವರೊಡನೆ ಮರಳಿಬಿಡುತ್ತದೆ ಎಂಬುದೇ ಕೊರತೆ.

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿನ ಕಷ್ಟ ಮೊದಲ ತಿಂಗಳಲ್ಲಿ ಎದ್ದು ಕಾಣುತ್ತದೆ. ಎರಡನೇ ವರ್ಷದಲ್ಲಿ ಕಾಣದಂತೆ ಬೆಳೆಯುತ್ತದೆ. ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ ಹಾಗೂ ಫಿಲ್ಲಿಸ್ ಸಿಲ್ವರ್‌ಮನ್ ಅವರು 70 ಕುಟುಂಬಗಳ 125 ಶಾಲಾ ಮಕ್ಕಳನ್ನು ಎರಡು ವರ್ಷ ಕಾಲ ಗಮನಿಸಿ ನಡೆಸಿದ ಅಧ್ಯಯನ ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲಿ ಒಂದು. ಇತರ ಮಕ್ಕಳಿಗೂ ಈ ಮಕ್ಕಳಿಗೂ ನಡುವಿನ ಅಂತರ ಮೊದಲ ವರ್ಷಕ್ಕಿಂತ ಎರಡನೇ ವರ್ಷದ ಕೊನೆಗೆ ಹೆಚ್ಚು ಸ್ಪಷ್ಟವಾಗಿತ್ತು ಎಂಬುದು ಅದರ ಒಂದು ಮುಖ್ಯ ಶೋಧನೆ. ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಉಳಿದಿರುವ ತಂದೆ ಅಥವಾ ತಾಯಿ ಹೇಗೆ ಸಂಸಾರ ನಿಭಾಯಿಸುತ್ತಾರೆ ಎಂಬುದರ ಮೇಲೆಯೇ ಬಹುವಾಗಿ ನಿಂತಿದೆ ಎಂಬುದು ಇನ್ನೊಂದು. ಬಾಸ್ಟನ್ ನಗರಕ್ಕೂ ನಮ್ಮ ಊರುಗಳಿಗೂ ಹೋಲಿಕೆ ಕಡಿಮೆ, ನಿಜ. ಆದರೂ ಈ ಎರಡು ಮಾತುಗಳನ್ನು ಜೊತೆಗಿಟ್ಟು ನೋಡಿದರೆ ಶಾಲೆಯ ಪಾತ್ರ ಯಾವುದೆಂಬುದು ತಿಳಿಯಾಗುತ್ತದೆ. ನೆರವು ದೀರ್ಘಕಾಲದ್ದಾಗಿರಬೇಕು; ಅದು ಮಗುವಿಗಷ್ಟೇ ಅಲ್ಲದೆ ಮನೆಯಲ್ಲಿ ಉಳಿದವರಿಗೂ ತಲುಪಬೇಕು.

ಒಬ್ಬರನ್ನು ಕಳೆದುಕೊಂಡವರೇ ಹೆಚ್ಚು

ಕೋವಿಡ್ ಕಾಲದಲ್ಲಿ ಅನಾಥ ಮಕ್ಕಳ ಕುರಿತು ಬಹಳ ಚರ್ಚೆ ನಡೆಯಿತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಿದಾಗ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಸಲ್ಲಿಸಿದ ಲೆಕ್ಕ ಗಮನಾರ್ಹವಾದುದು. 2020ರ ಏಪ್ರಿಲ್‌ನಿಂದ 2022ರ ಜನವರಿ 11ರವರೆಗೆ, ಕೋವಿಡ್ ಹಾಗೂ ಇತರ ಕಾರಣಗಳಿಂದ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ದೇಶದಲ್ಲಿ 10,094. ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಂಡವರು 1,36,910. ಅಂದರೆ ಒಬ್ಬ ಅನಾಥ ಮಗುವಿಗೆ ಪ್ರತಿಯಾಗಿ ಒಂದೇ ಆಸರೆ ಉಳಿದ ಹದಿಮೂರು ಮಕ್ಕಳು.

ಸರ್ಕಾರಗಳ ದೊಡ್ಡ ಘೋಷಣೆಗಳು ಮೊದಲನೆಯ ಗುಂಪಿನತ್ತ ವಾಲಿದವು. 2021ರಲ್ಲಿ ಬಂದ ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆ 23ನೇ ವಯಸ್ಸಿಗೆ 10 ಲಕ್ಷ ರೂಪಾಯಿ ನೀಡುವ ಭರವಸೆ ಕೊಟ್ಟಿತು; ರಾಜ್ಯದ ಬಾಲಸೇವಾ ಯೋಜನೆ ತಿಂಗಳಿಗೆ 3,500 ರೂಪಾಯಿ ಗೊತ್ತುಪಡಿಸಿತು. ಎರಡೂ ಆಸರೆ ಕಳೆದುಕೊಂಡವರಿಗೆ ಇವು ಬೇಕಾದವೇ. ಆದರೆ ತಂದೆ ಲಾರಿ ಅಪಘಾತದಲ್ಲೋ ಹೃದಯಾಘಾತದಲ್ಲೋ ಹೋಗಿ, ತಾಯಿ ಕೂಲಿಗೆ ಹೋಗುತ್ತಿರುವ ಮನೆಯ ಮಗು ಇಂತಹ ಯಾವ ಪಟ್ಟಿಯಲ್ಲಿಯೂ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಅದು ದಿನವೂ ಕಾಣಿಸಿಕೊಳ್ಳುವ ಸರ್ಕಾರಿ ಪುಸ್ತಕ ಒಂದೇ: ತರಗತಿಯ ಹಾಜರಿ ಪುಸ್ತಕ.

ತರಗತಿಗೆ ಮರಳುವ ದಿನ

ಮಗು ಎಷ್ಟು ದಿನ ಮನೆಯಲ್ಲಿರಬೇಕು ಎಂಬುದನ್ನು ಮನೆಯವರ ಸಂಪ್ರದಾಯ ನಿರ್ಧರಿಸುತ್ತದೆ. ಸೂತಕ ಕೆಲವರಲ್ಲಿ ಹತ್ತು ದಿನ, ಕೆಲವರಲ್ಲಿ ಹದಿಮೂರು. ಕರ್ನಾಟಕದ ನಿಯಮದಂತೆ ಸಕಾರಣವಿಲ್ಲದೆ ಸತತ ಏಳು ದಿನ ಗೈರುಹಾಜರಾದ ಮಗುವಿನ ಬಗ್ಗೆ ಶಾಲೆ ವಿಚಾರಣೆ ಆರಂಭಿಸಬೇಕು. 2013ರಲ್ಲಿ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಆಧರಿಸಿ ಕೈಗೆತ್ತಿಕೊಂಡ ಪ್ರಕರಣದ ಪರಿಣಾಮವಾಗಿ ಬಂದ ನಿಯಮವಿದು. ಸಾವು ಸಕಾರಣವೇ ಆದ್ದರಿಂದ ನೋಟಿಸಿನ ಮಾತು ಏಳುವುದಿಲ್ಲ. ಆದರೂ ಏಳನೇ ದಿನದ ಆಸುಪಾಸಿನಲ್ಲಿ ತರಗತಿ ಶಿಕ್ಷಕರು ಮತ್ತೊಮ್ಮೆ ಮನೆಗೆ ಹೋಗಿ, ಮಗುವಿನೊಂದಿಗೇ ಮಾತನಾಡಿ, ಯಾವ ದಿನ ಬರುತ್ತೀಯೆಂದು ಕೇಳಿ ಬರುವುದು ಒಳ್ಳೆಯದು. ಮೊದಲ ಭೇಟಿ ಸತ್ತವರಿಗೆ ಸಲ್ಲುವಂಥದ್ದು. ಈ ಎರಡನೆಯದು ಮಗುವಿಗೆ.

ಮರಳುವ ದಿನಕ್ಕೆ ತರಗತಿಯನ್ನೂ ಸಿದ್ಧಗೊಳಿಸಬೇಕಾಗುತ್ತದೆ. ಕರ್ಮ ಮಾಡಿದ ಹುಡುಗ ತಲೆ ಬೋಳಿಸಿಕೊಂಡು ಬರುತ್ತಾನೆ. ಅದನ್ನು ಕಂಡು ನಗುವ, ತಲೆ ಮುಟ್ಟಿ ಓಡುವ ಮಕ್ಕಳು ದುಷ್ಟರಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ ಅಷ್ಟೆ. ಹಿಂದಿನ ದಿನವೇ ಶಿಕ್ಷಕರು ಐದು ನಿಮಿಷ ತೆಗೆದುಕೊಂಡು, 'ನಾಳೆ ಅವನು ಬರುತ್ತಾನೆ, ಅವನ ತಂದೆ ತೀರಿಕೊಂಡಿದ್ದಾರೆ, ಏನಾಯಿತೆಂದು ಒಬ್ಬೊಬ್ಬರಾಗಿ ಕೇಳಬೇಡಿ, ಆಟಕ್ಕೆ ಎಂದಿನಂತೆ ಕರೆಯಿರಿ' ಎಂದರೆ ಸಾಕು. ಬಂದ ಮಗುವನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಸಾಂತ್ವನ ಹೇಳುವುದು ಅನೇಕ ಕಡೆ ರೂಢಿಯಲ್ಲಿದೆ. ಸದುದ್ದೇಶದ್ದಾದರೂ ಇದು ಬೇಡದ ಕ್ರಮ. ಇನ್ನೂರು ಜನರ ಕಣ್ಣ ಮುಂದೆ ಅಳುವ ಅಥವಾ ಅಳು ನುಂಗುವ ಪರೀಕ್ಷೆಗೆ ಮಗುವನ್ನು ಒಡ್ಡಬೇಕಾದ ಅಗತ್ಯವಿಲ್ಲ.

ಮಾತಿನ ಆಯ್ಕೆಯೂ ಮುಖ್ಯ. ಸಾವೆಂದರೆ ಮರಳಿ ಬಾರದಿರುವುದು ಎಂಬ ಅರಿವು ಐದಾರು ವರ್ಷದ ಮಗುವಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಏಳೆಂಟು ವರ್ಷದ ಸುಮಾರಿಗೆ ಅದು ಸ್ಥಿರವಾಗುತ್ತದೆ ಎನ್ನುತ್ತದೆ ಮಕ್ಕಳ ಮನಶ್ಶಾಸ್ತ್ರ. ಹಾಗಾಗಿ 'ಅಪ್ಪ ದೂರದ ಊರಿಗೆ ಹೋಗಿದ್ದಾರೆ', 'ಅಮ್ಮ ನಿದ್ದೆ ಮಾಡುತ್ತಿದ್ದಾರೆ' ಎಂಬ ಮಾತುಗಳು ಒಂದನೇ ತರಗತಿಯ ಮಗುವನ್ನು ಕಾಯುವಂತೆ, ಇಲ್ಲವೇ ಮಲಗಲು ಹೆದರುವಂತೆ ಮಾಡಬಲ್ಲವು. 'ತೀರಿಕೊಂಡಿದ್ದಾರೆ, ಇನ್ನು ಬರುವುದಿಲ್ಲ, ಅದಕ್ಕೆ ನೀನು ಕಾರಣನಲ್ಲ' ಎಂಬ ನೇರ ಮಾತು ಕಠಿಣವೆನಿಸಿದರೂ ಮಗುವಿಗೆ ಹಿತ. ಕೊನೆಯ ಭಾಗವನ್ನಂತೂ ಬಿಡುವಂತಿಲ್ಲ. ತಾನು ಹಟ ಮಾಡಿದ್ದರಿಂದ, ಸುಳ್ಳು ಹೇಳಿದ್ದರಿಂದ ಹೀಗಾಯಿತೆಂದು ನಂಬಿ ಒಳಗೊಳಗೇ ಕೊರಗುವ ಮಕ್ಕಳು ಕಡಿಮೆಯಿಲ್ಲ.

ಹಿರಿಯ ತರಗತಿಗಳಲ್ಲಿ ದುಃಖ ಬೇರೆ ವೇಷದಲ್ಲಿ ಬರುತ್ತದೆ: ಹೊಟ್ಟೆನೋವು, ತಲೆನೋವು, ಸಣ್ಣದಕ್ಕೂ ಜಗಳ, ಬರೆಯುತ್ತಿದ್ದ ಕೈ ನಿಂತುಹೋಗುವುದು. ಇವನ್ನು ಶಿಸ್ತಿನ ಪ್ರಶ್ನೆಯಾಗಿ ನೋಡಿದರೆ ಮಗು ಶಾಲೆಯಿಂದ ಇನ್ನೊಂದು ಹೆಜ್ಜೆ ದೂರವಾಗುತ್ತದೆ. 'ನನ್ನ ತಂದೆ' ಎಂಬ ಪ್ರಬಂಧ, ತಂದೆಯ ಸಹಿಯನ್ನೇ ಕೇಳುವ ಅಂಕಪಟ್ಟಿ, 'ಅಪ್ಪನನ್ನು ಕರೆದುಕೊಂಡು ಬಾ' ಎಂಬ ಗದರಿಕೆ ಇವೆಲ್ಲ ಶಿಕ್ಷಕರ ನೆನಪಿಗೆ ಬಾರದೆ ನಡೆಯುವಂಥವು. 'ಮನೆಯವರ ಸಹಿ' ಎಂದು ಬದಲಿಸಲು ಸುತ್ತೋಲೆಯೇನೂ ಬೇಕಿಲ್ಲ.

ಸಾಂತ್ವನಕ್ಕಿಂತ ಮೊದಲು ಪ್ರಮಾಣಪತ್ರ

ಶಾಲೆ ನೀಡಬಲ್ಲ ಅತ್ಯಂತ ಬೆಲೆಬಾಳುವ ನೆರವು ಕಾಗದಪತ್ರಗಳದು ಎಂದರೆ ಕೆಲವರಿಗೆ ಒರಟೆನಿಸಬಹುದು. ಆದರೆ ಓದು-ಬರಹ ಬಲ್ಲ, ಕಚೇರಿಗಳ ಭಾಷೆ ಬಲ್ಲ, ಮನೆಯವರು ನಂಬುವ ವ್ಯಕ್ತಿ ಎಷ್ಟೋ ಊರುಗಳಲ್ಲಿ ಶಿಕ್ಷಕರೇ. ಗಂಡನನ್ನು ಕಳೆದುಕೊಂಡ ಮಹಿಳೆ ತಿಂಗಳುಗಟ್ಟಲೆ ಮನೆಯಿಂದ ಹೊರಬಾರದ ಸಂಪ್ರದಾಯ ಹಲವು ಸಮುದಾಯಗಳಲ್ಲಿದೆ. ಮುಸ್ಲಿಂ ಕುಟುಂಬಗಳಲ್ಲಿ ಇದ್ದತ್‌ನ ಅವಧಿ ನಾಲ್ಕು ತಿಂಗಳು ಹತ್ತು ದಿನ. ಅರ್ಜಿಗಳ ಗಡುವು ಮೀರುವುದು ಇದೇ ಅವಧಿಯಲ್ಲಿ.

ಮೊದಲನೆಯದು ಮರಣ ನೋಂದಣಿ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ದಂಡ, ಅನುಮತಿ, ಪ್ರಮಾಣಪತ್ರಗಳ ಸಾಲು ಬೆಳೆಯುತ್ತದೆ. ವರ್ಷ ಕಳೆದರೆ ದಂಡಾಧಿಕಾರಿಯ ಆದೇಶವೇ ಬೇಕು. ಮುಂದಿನ ಎಲ್ಲ ಸೌಲಭ್ಯಗಳ ಬೀಗಕ್ಕೆ ಮರಣ ಪ್ರಮಾಣಪತ್ರವೇ ಕೀಲಿ. ಅದರಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗಿಂತ ಭಿನ್ನವಾದರೂ ಅಲೆದಾಟ ತಪ್ಪಿದ್ದಲ್ಲ. ಆದ್ದರಿಂದ ಅರ್ಜಿ ಬರೆಯುವಾಗಲೇ ಶಾಲಾ ದಾಖಲೆಯಲ್ಲಿರುವ ತಂದೆಯ ಹೆಸರಿನೊಂದಿಗೆ ಹೋಲಿಸಿ ನೋಡುವುದು ಜಾಣತನ.

ಎರಡನೆಯದು ಬ್ಯಾಂಕ್ ಪಾಸ್‌ಬುಕ್. ಇದನ್ನು ತೆರೆದು ನೋಡುವವರು ಅಪರೂಪ. ಮೇ ತಿಂಗಳ ಕೊನೆಯ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಮೃತರು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ಸೇರಿದ್ದರೆಂದು ಅರ್ಥ. ಯಾವುದೇ ಕಾರಣದ ಸಾವಿಗೂ ನಾಮನಿರ್ದೇಶಿತರಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. 18ರಿಂದ 50 ವರ್ಷದೊಳಗೆ ಸೇರಿದವರಿಗೆ 55ರವರೆಗೆ ಇದು ಅನ್ವಯ. ಕಡಿತ 20 ರೂಪಾಯಿಯದಾಗಿದ್ದರೆ ಅದು ಸುರಕ್ಷಾ ಬಿಮಾ. ಅಪಘಾತದ ಸಾವಿಗೆ 2 ಲಕ್ಷ. ಖಾತೆ ತೆರೆಯುವಾಗ ಬ್ಯಾಂಕಿನವರು ತೋರಿಸಿದಲ್ಲೆಲ್ಲ ಸಹಿ ಮಾಡಿ, ತಮಗೆ ವಿಮೆಯಿದೆಯೆಂದೇ ತಿಳಿಯದೆ ತೀರಿಕೊಂಡವರ ಮನೆಗೆ ಪಾಸ್‌ಬುಕ್ಕಿನ ಆ ಒಂದು ಸಾಲು ದೊಡ್ಡ ಆಧಾರವಾಗಬಲ್ಲದು.

ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದು ಬಾರಿಗೆ 20,000 ರೂಪಾಯಿ ಸಿಗುತ್ತದೆ. ತಾಯಿಗೆ ವಿಧವಾ ವೇತನದ ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬಹುದು. ಮೃತರು ಕಟ್ಟಡ ಕಾರ್ಮಿಕರಾಗಿದ್ದರೆ ಕಲ್ಯಾಣ ಮಂಡಳಿಯ ಕಾರ್ಡ್ ಹುಡುಕಬೇಕು. ಜಮೀನಿದ್ದರೆ ಪೌತಿ ಖಾತೆ. ತೀರಿಕೊಂಡವರು ತಾಯಿಯಾದರೆ ತೊಡಕು ಬೇರೆ ರೀತಿಯದು. ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರಿರುವುದರಿಂದ, ಅದನ್ನು ಬದಲಿಸದ ಹೊರತು 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ ಮನೆಯ ಇನ್ನೊಬ್ಬ ಮಹಿಳೆಗೆ, ಅಂದರೆ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ, ವರ್ಗವಾಗುವುದಿಲ್ಲ.

ಇನ್ನು ಶಾಲೆಯ ಪಾತ್ರ ನೇರವಾಗಿರುವುದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ. 2022ರ ಮಾರ್ಗಸೂಚಿಯಂತೆ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡಲಾಗುತ್ತದೆ. ಇದರ ವಿಶೇಷವೆಂದರೆ ಅನಾಥ ಮಕ್ಕಳಿಗಷ್ಟೇ ಅಲ್ಲದೆ ವಿಧವೆಯ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ. ಮನೆ ಪರಿಶೀಲನೆಯ ನಂತರ ಸಮಿತಿಯೊಂದು ಮಂಜೂರು ಮಾಡುತ್ತದೆ. ಅನುದಾನ ಸೀಮಿತವಾದುದರಿಂದ ಅರ್ಹರೆಲ್ಲರಿಗೂ ತಕ್ಷಣ ಸಿಗುತ್ತದೆಂದು ಹೇಳಲಾಗದು. ಆದರೆ ವ್ಯಾಸಂಗ ಪ್ರಮಾಣಪತ್ರ ಕೊಡಬೇಕಾದ ಮುಖ್ಯ ಶಿಕ್ಷಕರಿಗೇ ಯೋಜನೆಯ ಹೆಸರು ತಿಳಿಯದಿದ್ದರೆ ಅರ್ಜಿ ಹೊರಡುವುದೇ ಇಲ್ಲ.

ವಿದ್ಯಾರ್ಥಿವೇತನದ್ದು ಮತ್ತೊಂದು ಗೋಜಲು. ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿದ್ದು ಅವರು ತೀರಿಕೊಂಡ ಬಳಿಕ ತಾಯಿಯ ಹೆಸರಿನಲ್ಲಿ ಹೊಸದನ್ನು ಮಾಡಿಸದಿದ್ದರೆ ಮುಂದಿನ ವರ್ಷದ ಅರ್ಜಿ ಸಿಕ್ಕಿಕೊಳ್ಳುತ್ತದೆ. ಇದು ಗಮನಕ್ಕೆ ಬರುವುದು ಕೊನೆಯ ದಿನಾಂಕದ ಹಿಂದಿನ ಸಂಜೆ.

ತವರಿಗೆ ಹೊರಟ ಮಗು

ಗಂಡ ತೀರಿಕೊಂಡ ಕೆಲವೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಮರಳುವ ತಾಯಂದಿರು ಅನೇಕರು. ಶಾಲೆಯ ನೆರವಿನ ಸರಪಳಿ ಕಡಿಯುವ ಮುಖ್ಯ ಜಾಗ ಇದೇ. ವರ್ಷದ ಮಧ್ಯದಲ್ಲಿ ಪ್ರವೇಶವಿಲ್ಲವೆಂದು ಹೊಸ ಶಾಲೆ ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಯಾವಾಗ ಬಂದರೂ ಪ್ರವೇಶ ಕೊಡಬೇಕು. ವರ್ಗಾವಣೆ ಪತ್ರವನ್ನು ಹಳೆಯ ಶಾಲೆ ಕೂಡಲೇ ನೀಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ತಂದೆ ಇದ್ದಾಗ ಖಾಸಗಿ ಶಾಲೆಯಲ್ಲಿ ಓದುತ್ತಿದ್ದ ಮಗು ಶುಲ್ಕ ಬಾಕಿಯ ಕಾರಣ ವರ್ಗಾವಣೆ ಪತ್ರ ಸಿಗದೆ ಮನೆಯಲ್ಲೇ ಉಳಿದಿದ್ದರೆ, ತಾಯಿ ಸರ್ಕಾರಿ ಶಾಲೆಯ ಬಾಗಿಲು ಬಡಿಯಲು ಈ ಒಂದು ಮಾತು ತಿಳಿದಿರಬೇಕು.

ಹಳೆಯ ಶಾಲೆ ಇಲ್ಲಿ ಮಾಡಬೇಕಾದುದು ಚಿಕ್ಕ ಕೆಲಸ: ಹೊಸ ಊರಿನ ಮುಖ್ಯ ಶಿಕ್ಷಕರಿಗೆ ಒಂದು ದೂರವಾಣಿ ಕರೆ. ವರ್ಗಾವಣೆ ಪತ್ರದಲ್ಲಿ ಜನ್ಮದಿನಾಂಕವಿರುತ್ತದೆ, ನಡತೆ 'ಉತ್ತಮ' ಎಂದಿರುತ್ತದೆ. ಮಗು ಕಳೆದ ಆಷಾಢದಲ್ಲಿ ತಂದೆಯನ್ನು ಕಳೆದುಕೊಂಡಿತೆಂಬುದು ಅದರಲ್ಲಿರುವುದಿಲ್ಲ.

ತಾಯಿ ತೀರಿಕೊಂಡ ಮನೆಯಲ್ಲಿ ಹಿರಿಯ ಮಗಳ ಹಾಜರಾತಿಯ ಮೇಲೆ ವಿಶೇಷ ಕಣ್ಣಿಡಬೇಕು. ಮೊದಲು ಸೋಮವಾರಗಳಂದು ಬರುವುದಿಲ್ಲ, ನಂತರ ತಡವಾಗಿ ಬರುತ್ತಾಳೆ, ಕೊನೆಗೆ ತಮ್ಮ-ತಂಗಿಯರ ಅಡುಗೆಯ ಹೊಣೆ ಪೂರ್ತಿ ಅವಳದಾಗುತ್ತದೆ. 'ಹೆಣ್ಣುಮಗುವಿನ ಜವಾಬ್ದಾರಿ ಮುಗಿಸಿಬಿಡೋಣ' ಎಂಬ ಬಂಧುಗಳ ಮಾತು ಅದರ ಹಿಂದೆಯೇ ಬರುತ್ತದೆ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸುವ ತಿದ್ದುಪಡಿ ಕರ್ನಾಟಕದಲ್ಲಿ 2017ರಿಂದ ಜಾರಿಯಲ್ಲಿದೆ. ಆದರೆ ಕಾನೂನು ಬರುವ ಮೊದಲೇ ಬರಬಹುದಾದವರು ತರಗತಿ ಶಿಕ್ಷಕಿ. ಚಿಕ್ಕ ಮಗುವನ್ನು ಅಂಗನವಾಡಿಗೆ ಸೇರಿಸಿಕೊಡುವುದು, ತಂದೆಯನ್ನು ಕರೆಸಿ ಮಾತನಾಡುವುದು, ಅಗತ್ಯವಿದ್ದರೆ 6ನೇ ತರಗತಿಯಿಂದ ವಸತಿ ಶಾಲೆಯ ಪ್ರವೇಶಕ್ಕೆ ಅರ್ಜಿ ಹಾಕಿಸುವುದು ಅವರಿಂದ ಸಾಧ್ಯ. ಹಾಸ್ಟೆಲ್ಲೇ ಎಲ್ಲಕ್ಕೂ ಉತ್ತರವೆಂಬ ಅವಸರವೂ ಸಲ್ಲದು. ಒಬ್ಬರನ್ನು ಕಳೆದುಕೊಂಡ ಮಗುವನ್ನು ಉಳಿದೊಬ್ಬರಿಂದಲೂ ದೂರ ಮಾಡುವ ಮುನ್ನ ಮಗುವಿನ ಇಚ್ಛೆ ಕೇಳಬೇಕು.

ಕುಂಕುಮದ ತಟ್ಟೆ

ಶಾಲಾ ಸಮುದಾಯವೆಂದರೆ ಶಿಕ್ಷಕರಷ್ಟೇ ಅಲ್ಲ. ಎಸ್‌ಡಿಎಂಸಿ ಕರ್ನಾಟಕದಲ್ಲಿ ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲಿ ರೂಪುಗೊಂಡ ವ್ಯವಸ್ಥೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂತಹ ಸಮಿತಿಯಲ್ಲಿ ನಾಲ್ಕನೇ ಮೂರರಷ್ಟು ಮಂದಿ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕಟ್ಟಡ, ಕಾಂಪೌಂಡು, ಶೌಚಾಲಯಗಳ ಚರ್ಚೆಯಲ್ಲಿ ಮುಳುಗುವ ಸಮಿತಿ, ತನ್ನ ಸಭೆಯಲ್ಲಿ 'ಈ ವರ್ಷ ಯಾವ ಮನೆಯಲ್ಲಿ ಸಾವಾಗಿದೆ, ಏನು ಬಾಕಿಯಿದೆ' ಎಂಬ ಒಂದು ವಿಷಯವನ್ನು ಸೇರಿಸಿಕೊಂಡರೆ ಕೆಲಸ ಹಂಚಿಹೋಗುತ್ತದೆ. ನಾಡಕಚೇರಿಗೆ ಹೋಗಿಬರಲು ಒಬ್ಬರು, ಬ್ಯಾಂಕಿಗೆ ಒಬ್ಬರು, ಸುಗ್ಗಿಯ ದಿನಗಳಲ್ಲಿ ಸಂಜೆ ಮಕ್ಕಳನ್ನು ತಮ್ಮ ಮನೆಯಲ್ಲಿ ಕೂರಿಸಿಕೊಳ್ಳಲು ನೆರೆಯ ಒಬ್ಬ ತಾಯಿ.

ಇದೇ ಸಮುದಾಯ ಅರಿಯದೆ ನೋವುಂಟುಮಾಡುವುದೂ ಉಂಟು. ತಾಯಂದಿರ ಸಭೆಗೆ ಬಂದವರಿಗೆಲ್ಲ ಬಾಗಿಲಲ್ಲಿ ಅರಿಶಿನ-ಕುಂಕುಮ, ಹೂ ಕೊಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ತಟ್ಟೆ ಒಬ್ಬಳ ಮುಂದೆ ಬಂದಾಗ ಪಕ್ಕಕ್ಕೆ ಸರಿದರೆ ಆಕೆ ಮುಂದಿನ ಸಭೆಗೆ ಬರುವುದಿಲ್ಲ. ಅವಳ ಮಗು ಅದನ್ನು ಕಂಡಿರುತ್ತದೆ. ಎಲ್ಲರಿಗೂ ಕೊಡುವುದು ಸಾಧ್ಯವಾಗದಿದ್ದರೆ ಸರ್ಕಾರಿ ಶಾಲೆಯ ಬಾಗಿಲಲ್ಲಿ ಆ ತಟ್ಟೆಗೆ ಸ್ಥಾನವಿರಬಾರದು.

ಹಣ ಸಂಗ್ರಹದ ಬಗ್ಗೆಯೂ ಒಂದು ಮಾತು. ಕೂಡಿಸಿದ ಹಣವನ್ನು ನೇರವಾಗಿ ತಾಯಿಯ ಖಾತೆಗೆ ಹಾಕಿ, ಲೆಕ್ಕವನ್ನು ಇಬ್ಬರು ನೋಡಿಕೊಂಡರೆ ಮುಂದೆ ಮಾತು ಬರುವುದಿಲ್ಲ. ಚೆಕ್ ಹಿಡಿದು ನಿಂತ ಗಣ್ಯರ ನಡುವೆ ತಲೆ ತಗ್ಗಿಸಿ ನಿಂತ ಮಗುವಿನ ಚಿತ್ರಗಳು ಪತ್ರಿಕಾ ಕಚೇರಿಗಳಿಗೆ ಇಂದಿಗೂ ಬರುತ್ತಲೇ ಇವೆ. ಅವನ್ನು ಕಳುಹಿಸದಿರುವುದೂ, ಬಂದರೂ ಪ್ರಕಟಿಸದಿರುವುದೂ ಮೇಲು.

ನೆನಪಿಡುವವರು ಯಾರು?

ಇಷ್ಟೆಲ್ಲ ಮಾಡಿದ ಶಿಕ್ಷಕರಿಗೆ ಮರುವರ್ಷ ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆಯಾಗುತ್ತದೆ. ಮಗು ಮುಂದಿನ ತರಗತಿಗೋ, 5ನೇ ಅಥವಾ 7ನೇ ತರಗತಿ ಮುಗಿಸಿ ಮುಂದಿನ ಶಾಲೆಗೋ ಹೋಗುತ್ತದೆ. ಹೊಸ ಶಿಕ್ಷಕರಿಗೆ ಅದು ಓದಿನಲ್ಲಿ ಹಿಂದುಳಿದ, ಮೂಲೆಯಲ್ಲಿ ಕೂರುವ ಒಂದು ಮಗು ಮಾತ್ರ. ಕಷ್ಟ ಹೆಚ್ಚುವುದು ಎರಡನೇ ವರ್ಷದಲ್ಲಿ ಎನ್ನುವುದಾದರೆ, ನಮ್ಮ ವ್ಯವಸ್ಥೆ ಮರೆಯುವುದೂ ಸರಿಯಾಗಿ ಅದೇ ವರ್ಷದಲ್ಲಿ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮುಖ್ಯ ಶಿಕ್ಷಕರ ಬೀರುವಿನಲ್ಲಿ ಒಂದು ನೋಟ್‌ಬುಕ್ ಸಾಕು. ಮಗುವಿನ ಹೆಸರು, ಕಳೆದುಕೊಂಡದ್ದು ಯಾರನ್ನು, ಯಾವ ದಿನ, ಈಗ ಯಾರ ಬಳಿ ಇದೆ, ಯಾವ ಅರ್ಜಿ ಯಾವ ಹಂತದಲ್ಲಿದೆ ಎಂಬಷ್ಟೇ ವಿವರ. ಪ್ರಭಾರ ಹಸ್ತಾಂತರದ ದಿನ ಬಿಸಿಯೂಟದ ಅಕ್ಕಿಯ ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕದೊಂದಿಗೆ ಆ ಪುಸ್ತಕವನ್ನೂ ಒಪ್ಪಿಸಬೇಕು. ತೀರಿಕೊಂಡ ದಿನಾಂಕವನ್ನು ಬರೆದಿಡುವುದಕ್ಕೆ ಕಾರಣವಿದೆ. ವರ್ಷದ ತಿಥಿ, ಮಹಾಲಯ ಅಮಾವಾಸ್ಯೆ, ಮೊದಲ ದೀಪಾವಳಿ ಅಥವಾ ರಂಜಾನ್, ಮಗುವಿನ ಹುಟ್ಟುಹಬ್ಬ ಇಂತಹ ದಿನಗಳ ಆಸುಪಾಸಿನಲ್ಲಿ ದುಃಖ ಮರುಕಳಿಸುತ್ತದೆ. ಆ ವಾರ ಮಗು ಮನೆಪಾಠ ಮಾಡದೆ ಬಂದರೆ ಶಿಕ್ಷಕರಿಗೆ ಕಾರಣ ಕೇಳದೆಯೇ ತಿಳಿಯಬೇಕು.

ತಿಂಗಳುಗಳು ಕಳೆದರೂ ಮಗು ಊಟ, ನಿದ್ರೆ, ಆಟ ಯಾವುದಕ್ಕೂ ಮರಳದಿದ್ದರೆ, ತಾನೂ ಸಾಯಬೇಕೆಂಬ ಮಾತನಾಡಿದರೆ ಅದು ಶಿಕ್ಷಕರ ಕೈಮೀರಿದ ವಿಷಯ. ಅಂತಹ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮಾನಸಿಕ ಆರೋಗ್ಯದ ಸಲಹೆಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬಾಲ್ಯವಿವಾಹ, ದುಡಿಮೆಗೆ ಕಳುಹಿಸುವುದು, ನೋಡಿಕೊಳ್ಳುವವರೇ ಇಲ್ಲದಿರುವುದು ಇಂತಹ ಸಂದರ್ಭಗಳಿಗೆ ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ; ಎರಡೂ ದಿನದ 24 ಗಂಟೆ ಲಭ್ಯ.